ರೈಲು ಪ್ರಯಾಣದ ರಿವಾರ್ಡ್ ಕಾರ್ಡ್: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ

ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚಿಗೆ ಬ್ಯಾಂಕು ಪಾಯಿಂಟ್‌ಗಳನ್ನು ಕೊಟ್ಟು, ಆ ಪಾಯಿಂಟ್‌ಗಳಿಂದ ರೈಲು ಟಿಕೆಟ್ ಪಡೆಯಲು ಅವಕಾಶ ಮಾಡಿಕೊಡುವ ಕಾರ್ಡುಗಳನ್ನು ರೈಲ್ವೆ ರಿವಾರ್ಡ್ ಕಾರ್ಡ್ ಎನ್ನುತ್ತಾರೆ. ರೈಲ್ವೆ ಸಚಿವಾಲಯದ ಅಧೀನದಲ್ಲಿರುವ ಸಾರ್ವಜನಿಕ ಉದ್ದಿಮೆ ಐಆರ್‌ಸಿಟಿಸಿ ಕೆಲವು ಬ್ಯಾಂಕುಗಳ ಜೊತೆ ಸೇರಿ ಇಂಥ ಕಾರ್ಡುಗಳನ್ನು ಹೊರತಂದಿದೆ. ರಾಮನಗರ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಈ ಕಾರ್ಡಿನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಹಣ ಪಾವತಿಸುವಾಗ ಮೋಸಹೋಗದಂತೆ ಯಾವ ನಿಯಮಗಳು ಕಾಯುತ್ತವೆ ಎಂಬುದು ಈ ಲೇಖನದ ವಿಷಯ. ರಾಮನಗರ ಮತ್ತು ಚನ್ನಪಟ್ಟಣಕ್ಕೆ ರೈಲು ಇದೆ. ಕನಕಪುರ ಮತ್ತು ಮಾಗಡಿಗೆ ಇಲ್ಲ. ಹೀಗಾಗಿ ಒಂದೇ ಕಾರ್ಡಿನ ಪ್ರಯೋಜನ ಈ ನಾಲ್ಕು ಊರುಗಳಲ್ಲಿ ಒಂದೇ ರೀತಿ ಇರುವುದಿಲ್ಲ.

ಪ್ರದೇಶ ಮತ್ತು ರೈಲು ಸಂಪರ್ಕ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆ ಆಯಿತು. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ತೀರ್ಮಾನಿಸಿತು. ಜಿಲ್ಲಾ ಕೇಂದ್ರ ರಾಮನಗರವೇ. ರೇಷ್ಮೆಗೂಡಿನ ಮಾರುಕಟ್ಟೆಗೆ ರಾಮನಗರ, ಅರಗು ಬಳಿದ ಮರದ ಗೊಂಬೆಗಳಿಗೆ ಚನ್ನಪಟ್ಟಣ, ರೇಷ್ಮೆ ಮತ್ತು ಗ್ರಾನೈಟ್‌ಗೆ ಕನಕಪುರ, ಕೆಂಪೇಗೌಡರ ನೆನಪಿಗೆ ಮಾಗಡಿ ಹೆಸರಾಗಿವೆ. ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು ತಿಂಗಳ ಸಂಬಳ ಪಡೆಯುವ ದೊಡ್ಡ ವರ್ಗವೊಂದನ್ನು ಇಲ್ಲಿ ಬೆಳೆಸಿವೆ.

ಬೆಂಗಳೂರು–ಮೈಸೂರು ರೈಲು ಮಾರ್ಗ 1880ರ ದಶಕದ ಆರಂಭದಲ್ಲಿ ಮೀಟರ್ ಗೇಜ್ ಆಗಿ ಬಂತು. ಈಗ ಅದು ವಿದ್ಯುದೀಕರಣಗೊಂಡ ಜೋಡಿ ಬ್ರಾಡ್‌ಗೇಜ್ ಹಳಿ. ಕೆಂಗೇರಿ ದಾಟಿದ ಮೇಲೆ ಹೆಜ್ಜಾಲ, ಬಿಡದಿ, ರಾಮನಗರ, ಚನ್ನಪಟ್ಟಣ ನಿಲ್ದಾಣಗಳು ಸಿಗುತ್ತವೆ. ಕೆಎಸ್‌ಆರ್ ಬೆಂಗಳೂರಿನಿಂದ ರಾಮನಗರಕ್ಕೆ ಸುಮಾರು 45 ಕಿ.ಮೀ., ಚನ್ನಪಟ್ಟಣಕ್ಕೆ ಸುಮಾರು 56 ಕಿ.ಮೀ. ರೈಲ್ವೆಯ ದಾಖಲೆಯಲ್ಲಿ ಜಿಲ್ಲಾ ಕೇಂದ್ರದ ನಿಲ್ದಾಣದ ಹೆಸರು ಇಂದಿಗೂ ‘ರಾಮನಗರಂ’. ಟಿಕೆಟ್ ಬುಕ್ ಮಾಡುವಾಗ ಆ ಹೆಸರಿನಲ್ಲೇ ಹುಡುಕಬೇಕು.

ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಿದ್ದ ಸುಮಾರು 142 ಕಿ.ಮೀ. ಮಾರ್ಗ 1996–97ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾಗಿತ್ತು. ಕನಕಪುರಕ್ಕೆ ಇನ್ನೂ ರೈಲು ಬಂದಿಲ್ಲ. ಕನಕಪುರದವರು ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಇಲ್ಲವೆ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ ತಲುಪಿ ರೈಲು ಹಿಡಿಯುತ್ತಾರೆ. ಮಾಗಡಿಯವರಿಗೂ ಮೆಜೆಸ್ಟಿಕ್ಕೇ ರೈಲಿನ ಬಾಗಿಲು.

ಹಿನ್ನೆಲೆ

ಐಆರ್‌ಸಿಟಿಸಿ ಸ್ಥಾಪನೆಯಾದದ್ದು 1999ರಲ್ಲಿ. 2002ರಲ್ಲಿ ಅದು ಅಂತರ್ಜಾಲದ ಮೂಲಕ ಟಿಕೆಟ್ ಮಾರಲು ತೊಡಗಿತು. ಆಗ ಹಣವನ್ನು ಆನ್‌ಲೈನ್‌ನಲ್ಲಿ ಕಟ್ಟಿದರೂ ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರಬೇಕಿತ್ತು. ಮನೆಯಲ್ಲೇ ಮುದ್ರಿಸಿಕೊಳ್ಳುವ ಇ-ಟಿಕೆಟ್ 2005ರಲ್ಲಿ ಬಂತು. ಆನ್‌ಲೈನ್ ಟಿಕೆಟ್‌ಗೆ ಕಾರ್ಡು ಬೇಕು, ಕಾರ್ಡಿಗೆ ಗ್ರಾಹಕರು ಬೇಕು ಎಂಬ ಪರಸ್ಪರ ಅಗತ್ಯದಿಂದ ರೈಲ್ವೆ ಮತ್ತು ಬ್ಯಾಂಕುಗಳ ಜಂಟಿ ಕಾರ್ಡುಗಳು ಹುಟ್ಟಿದವು. ಎಸ್‌ಬಿಐ ಕಾರ್ಡ್ ಸಂಸ್ಥೆ ಈ ಕ್ಷೇತ್ರದಲ್ಲಿ ಹಳೆಯದು. ಅದರ ರುಪೇ ಆವೃತ್ತಿ 2020ರ ಜುಲೈ 28ರಂದು ಬಿಡುಗಡೆಯಾಯಿತು. ಬ್ಯಾಂಕ್ ಆಫ್ ಬರೋಡಾದ ಐಆರ್‌ಸಿಟಿಸಿ ಕಾರ್ಡ್ 2022ರಲ್ಲಿ, ಎಚ್‌ಡಿಎಫ್‌ಸಿ ಬ್ಯಾಂಕಿನದು 2023ರಲ್ಲಿ ಬಂದವು.

ಈ ಸೀಮೆಯ ಖಾತೆದಾರರಿಗೆ ಈ ಬ್ಯಾಂಕುಗಳು ಹೊಸವಲ್ಲ. 1913ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಮೈಸೂರು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದ ಭಾಗ. ಹಳೆಯ ಎಸ್‌ಬಿಎಂ, ವಿಜಯಾ ಪಾಸ್‌ಬುಕ್ಕು ಇಟ್ಟುಕೊಂಡಿದ್ದ ಕುಟುಂಬಗಳು ತಾವು ಬ್ಯಾಂಕು ಬದಲಿಸದೆಯೇ ರೈಲ್ವೆ ಕಾರ್ಡು ಕೊಡುವ ಬ್ಯಾಂಕಿನ ಗ್ರಾಹಕರಾದವು.

ಪಾಯಿಂಟ್ ಸಿಗುವ ಬಗೆ

ರೈಲ್ವೆ ಕಾರ್ಡಿನಲ್ಲಿ ಪಾಯಿಂಟ್ ಎರಡು ದಾರಿಯಲ್ಲಿ ಬರುತ್ತದೆ. ಐಆರ್‌ಸಿಟಿಸಿಯ ಜಾಲತಾಣ ಅಥವಾ ಆ್ಯಪ್‌ನಲ್ಲಿ ಮೇಲ್ದರ್ಜೆಯ ಟಿಕೆಟ್ ಕೊಂಡರೆ ಹೆಚ್ಚು ದರದಲ್ಲಿ ಬರುತ್ತದೆ. ದಿನಸಿ, ಬಟ್ಟೆ, ಔಷಧದಂಥ ಇತರ ಖರೀದಿಗೆ ಕಡಿಮೆ ದರದಲ್ಲಿ ಬರುತ್ತದೆ.

ಐಆರ್‌ಸಿಟಿಸಿ ಎಸ್‌ಬಿಐ ಪ್ಲಾಟಿನಂ ಕಾರ್ಡಿನ ಪ್ರಕಟಿತ ನಿಯಮಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎಸಿ ಮೊದಲನೆ, ಎರಡನೆ, ಮೂರನೆ ದರ್ಜೆ, ಚೇರ್ ಕಾರ್ ಮತ್ತು ಎಕ್ಸಿಕ್ಯೂಟಿವ್ ಚೇರ್ ಕಾರ್ ಟಿಕೆಟ್‌ಗಳಿಗೆ ಶೇ 10ರವರೆಗೆ ಪಾಯಿಂಟ್ ರೂಪದಲ್ಲಿ ವಾಪಸು ಬರುತ್ತದೆ. ಇತರ ಖರೀದಿಗೆ ಪ್ರತಿ 125 ರೂ.ಗೆ ಒಂದು ಪಾಯಿಂಟ್. ಪೆಟ್ರೋಲ್, ಡೀಸೆಲ್ ಖರೀದಿ ಇದರಲ್ಲಿ ಸೇರುವುದಿಲ್ಲ. ಟಿಕೆಟ್ ಕೊಳ್ಳುವಾಗ ಒಂದು ಪಾಯಿಂಟ್‌ಗೆ ಒಂದು ರೂಪಾಯಿ ಬೆಲೆ. ಮೊದಲ ವರ್ಷದ ಶುಲ್ಕ 500 ರೂ., ನವೀಕರಣಕ್ಕೆ 300 ರೂ., ಎರಡಕ್ಕೂ ಶೇ 18 ಜಿಎಸ್‌ಟಿ. ಕಾರ್ಡು ಬಂದ 45 ದಿನಗಳೊಳಗೆ 500 ರೂ. ಖರ್ಚು ಮಾಡಿದರೆ 350 ಸ್ವಾಗತ ಪಾಯಿಂಟ್.

ಪಾಯಿಂಟ್‌ನ ಸಂಖ್ಯೆ ನೋಡಿ ಮರುಳಾಗಬಾರದು. ಬ್ಯಾಂಕ್ ಆಫ್ ಬರೋಡಾದ ಕಾರ್ಡು ಇದೇ ಮೇಲ್ದರ್ಜೆಗಳಿಗೆ 100 ರೂ.ಗೆ 40 ಪಾಯಿಂಟ್‌ವರೆಗೆ ಕೊಡುತ್ತದೆ ಎಂದು ಹೇಳಿಕೊಳ್ಳುತ್ತದೆ, ಎಚ್‌ಡಿಎಫ್‌ಸಿಯದು 100 ರೂ.ಗೆ 5 ಪಾಯಿಂಟ್. ಮೊದಲನೆಯದು ಎರಡನೆಯದಕ್ಕಿಂತ ಎಂಟು ಪಟ್ಟು ಲಾಭ ಎಂದು ಇದರ ಅರ್ಥವಲ್ಲ. ಒಂದೊಂದು ಬ್ಯಾಂಕಿನಲ್ಲಿ ಒಂದು ಪಾಯಿಂಟ್‌ನ ರೂಪಾಯಿ ಬೆಲೆ ಬೇರೆ. ಆದ್ದರಿಂದ ಕಾರ್ಡುಗಳನ್ನು ಹೋಲಿಸುವಾಗ ‘ನೂರು ರೂಪಾಯಿ ಖರ್ಚಿಗೆ ಎಷ್ಟು ರೂಪಾಯಿಯ ಟಿಕೆಟ್’ ಎಂಬ ಒಂದೇ ಅಳತೆ ಇಟ್ಟುಕೊಳ್ಳಬೇಕು. ದರ, ಶುಲ್ಕ, ಮಿತಿಗಳನ್ನು ಬ್ಯಾಂಕುಗಳು ಆಗಾಗ ಬದಲಿಸುತ್ತವೆ. ಮನೆ ಬಾಡಿಗೆ, ವ್ಯಾಲೆಟ್‌ಗೆ ಹಣ ತುಂಬುವುದು, ಇಎಂಐ ಖರೀದಿಯಂಥವಕ್ಕೆ ಅನೇಕ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ. ಅರ್ಜಿಗೆ ಸಹಿ ಹಾಕುವ ದಿನ ಜಾರಿಯಲ್ಲಿರುವ ನಿಯಮಪತ್ರವನ್ನು ಓದುವುದು ಅಗತ್ಯ.

ಟಿಕೆಟ್ ಪಡೆಯುವ ಕ್ರಮ

ಎಸ್‌ಬಿಐ ಮಾದರಿಯಲ್ಲಿ ಕಾರ್ಡಿಗೆ ಒಂದು ಲಾಯಲ್ಟಿ ಸಂಖ್ಯೆ ಇರುತ್ತದೆ. ಅದನ್ನು ಐಆರ್‌ಸಿಟಿಸಿಯ ಯೂಸರ್ ಐಡಿಗೆ ಜೋಡಿಸಿಕೊಂಡ ಮೇಲೆ ಜಮೆಯಾದ ಪಾಯಿಂಟ್‌ಗಳಿಂದ ಟಿಕೆಟ್ ಕೊಳ್ಳಬಹುದು. ಬೇರೆ ಬ್ಯಾಂಕುಗಳಲ್ಲಿ ಕ್ರಮ ಸ್ವಲ್ಪ ಬೇರೆ. ಹೀಗೆ ಪಡೆದ ಟಿಕೆಟ್ ಪೂರ್ತಿ ಪುಕ್ಕಟೆ ಆಗಲೇಬೇಕೆಂದಿಲ್ಲ. ಕೆಲವು ಶುಲ್ಕಗಳನ್ನು ಹಣದಲ್ಲೇ ಕಟ್ಟಬೇಕಾಗಬಹುದು. ಹಣ ಕೊಟ್ಟು ಕೊಂಡ ಇ-ಟಿಕೆಟ್‌ಗೆ ಐಆರ್‌ಸಿಟಿಸಿ ಸೇವಾ ಶುಲ್ಕ ಹಾಕುತ್ತದೆ: ಎಸಿ ಅಲ್ಲದ ದರ್ಜೆಗೆ 15 ರೂ., ಎಸಿಗೆ 30 ರೂ. ಯುಪಿಐ ಮೂಲಕ ಕಟ್ಟಿದರೆ ಕ್ರಮವಾಗಿ 10 ಮತ್ತು 20 ರೂ. ಎಲ್ಲಕ್ಕೂ ಜಿಎಸ್‌ಟಿ ಬೇರೆ. ಕಾರ್ಡಿನಲ್ಲಿ ಕಟ್ಟಿದಾಗ ಪಾವತಿ ಶುಲ್ಕವೂ ಸೇರಬಹುದು. ಎಸ್‌ಬಿಐ ರೈಲ್ವೆ ಕಾರ್ಡಿನಲ್ಲಿ ಶೇ 1ರ ಆ ಶುಲ್ಕದಿಂದ ವಿನಾಯಿತಿ ಇದೆ.

ರದ್ದು ಮಾಡಿದ ಟಿಕೆಟ್‌ನ ಹಣ ಕಟ್ಟಿದ ಕಾರ್ಡಿಗೇ ವಾಪಸು ಹೋಗುತ್ತದೆ. ಆ ಟಿಕೆಟ್‌ಗೆ ಬಂದಿದ್ದ ಪಾಯಿಂಟ್‌ಗಳನ್ನು ಬ್ಯಾಂಕು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಸಿದ್ಧವಾದ ಮೇಲೆ ತಾನೇ ರದ್ದಾಗುತ್ತದೆ, ಹಣವೂ ತಾನೇ ಬರುತ್ತದೆ. ಯಾರಿಗೂ ಫೋನ್ ಮಾಡಬೇಕಿಲ್ಲ, ಯಾವ ಫಾರಂ ತುಂಬಬೇಕಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಈ ಸಣ್ಣ ಸಂಗತಿ ಬಹಳ ಮುಖ್ಯ; ಕಾರಣ ಮುಂದೆ ಬರುತ್ತದೆ.

ದಿನನಿತ್ಯದ ಪ್ರಯಾಣಿಕರು

ಚನ್ನಪಟ್ಟಣ, ರಾಮನಗರದಿಂದ ಬೆಳಿಗ್ಗೆ ಬೆಂಗಳೂರಿಗೆ ಹೊರಡುವ ನೌಕರರು, ವಿದ್ಯಾರ್ಥಿಗಳು ಮೆಮು ರೈಲಿನಲ್ಲಿ, ಇಲ್ಲವೆ ಎಕ್ಸ್‌ಪ್ರೆಸ್ ರೈಲುಗಳ ಜನರಲ್ ಬೋಗಿಗಳಲ್ಲಿ ಹೋಗುತ್ತಾರೆ. ಈ ಪ್ರಯಾಣಕ್ಕೆ ರಿವಾರ್ಡ್ ಕಾರ್ಡ್ ಲಾಭದ ದಾರಿಯಲ್ಲ. ಕಾರ್ಡಿನ ಹೆಚ್ಚಿನ ಪಾಯಿಂಟ್ ಎಸಿ ಮತ್ತು ಚೇರ್ ಕಾರ್‌ಗೆ ಮೀಸಲು. ಜನರಲ್ ಟಿಕೆಟ್‌ಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಕಾರ್ಡಿಗಿಂತ ಹಳೆಯದಾದ ಇನ್ನೊಂದು ರಿಯಾಯಿತಿ ಇದೆ. ಎರಡನೆ ದರ್ಜೆಯ ತಿಂಗಳ ಸೀಸನ್ ಪಾಸ್‌ನ ಬೆಲೆ ಸುಮಾರು 15 ಒಂಟಿ ಪ್ರಯಾಣಗಳ ದರಕ್ಕೆ ಸಮ. ತಿಂಗಳಿಗೆ 25 ದಿನ ಹೋಗಿಬರುವವರು 50 ಪ್ರಯಾಣ ಮಾಡುತ್ತಾರೆ. ಅವರಿಗೆ 35 ಪ್ರಯಾಣ ಉಳಿಯಿತು, ಅಂದರೆ ಶೇ 70. ಯಾವ ಕ್ರೆಡಿಟ್ ಕಾರ್ಡೂ ಇದರ ಹತ್ತಿರ ಬರುವುದಿಲ್ಲ.

ಪಾಸ್ ಮತ್ತು ಜನರಲ್ ಟಿಕೆಟ್‌ಗಳನ್ನು ರೈಲ್ವೆಯ ಯುಟಿಎಸ್ ಆ್ಯಪ್‌ನಲ್ಲಿ ಕೊಳ್ಳುವ ವ್ಯವಸ್ಥೆ ಬಂದಿತು. ಮೀಸಲು ಟಿಕೆಟ್, ಜನರಲ್ ಟಿಕೆಟ್ ಎಲ್ಲವನ್ನೂ ಒಂದೆಡೆ ತಂದ ರೈಲ್‌ಒನ್ ಆ್ಯಪ್ 2025ರ ಜುಲೈ 1ರಂದು ಬಿಡುಗಡೆಯಾಯಿತು. ಜನರಲ್ ಟಿಕೆಟ್‌ಗೆ ಅದರ ಆರ್-ವ್ಯಾಲೆಟ್ ಬಳಸಿದವರಿಗೆ ಶೇ 3ರ ರಿಯಾಯಿತಿಯನ್ನು ರೈಲ್ವೆ ಪ್ರಕಟಿಸಿತು. ಎಸ್‌ಬಿಐ ಪ್ಲಾಟಿನಂನಲ್ಲಿ 125 ರೂ.ಗೆ ಒಂದು ಪಾಯಿಂಟ್ ಎಂದರೆ ಶೇ 0.8. ದಿನದ ಪ್ರಯಾಣಿಕನಿಗೆ ಕಾರ್ಡಿಗಿಂತ ವ್ಯಾಲೆಟ್ಟೇ ವಾಸಿ.

ಮಹಿಳೆಯರ ಲೆಕ್ಕ ಇನ್ನೂ ಬೇರೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಮಾಗಡಿ, ಕನಕಪುರದಿಂದ ಮೆಜೆಸ್ಟಿಕ್‌ವರೆಗಿನ ಹಾದಿ ಅವರಿಗೆ ಯಾವ ಪಾಯಿಂಟ್ ಇಲ್ಲದೆಯೇ ಖರ್ಚಿಲ್ಲದ್ದು. ಜಿಲ್ಲೆಯ ಬಹುಪಾಲು ದಿನನಿತ್ಯದ ಓಡಾಟ ಹೀಗೆ ಆಗಲೇ ಅಗ್ಗ ಅಥವಾ ಉಚಿತವಾಗಿರುವುದರಿಂದ, ರಿವಾರ್ಡ್ ಕಾರ್ಡಿಗೆ ಇಲ್ಲಿ ಉಳಿಯುವ ಕೆಲಸ ದೂರದ ಪ್ರಯಾಣ ಮಾತ್ರ: ತಿರುಪತಿ, ಚೆನ್ನೈ, ಹುಬ್ಬಳ್ಳಿ, ಕಾಶಿ. ಹಿರಿಯ ನಾಗರಿಕರಿಗೆ ಇದ್ದ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತ ಮೇಲೆ, ವಯಸ್ಸಾದ ತಂದೆತಾಯಿಯನ್ನು ಎಸಿ ಬೋಗಿಯಲ್ಲಿ ಯಾತ್ರೆಗೆ ಕಳಿಸುವ ಮಕ್ಕಳಿಗೆ ಪಾಯಿಂಟ್‌ನ ಬೆಲೆ ಹೆಚ್ಚಿತು.

ಒಂದು ಮನೆಯ ಲೆಕ್ಕ

ಚನ್ನಪಟ್ಟಣದ ಒಂದು ಕುಟುಂಬ ತಿಂಗಳಿಗೆ 12,000 ರೂ.ಗಳ ದಿನಸಿ, ಬಟ್ಟೆ, ಔಷಧವನ್ನು ಎಸ್‌ಬಿಐ ಪ್ಲಾಟಿನಂ ಕಾರ್ಡಿನಲ್ಲೇ ಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,44,000 ರೂ.; 125ರಿಂದ ಭಾಗಿಸಿದರೆ 1,152 ಪಾಯಿಂಟ್. ವರ್ಷಕ್ಕೊಮ್ಮೆ 6,000 ರೂ.ಗಳ ಎಸಿ ಮೂರನೆ ದರ್ಜೆಯ ಟಿಕೆಟ್ ಕೊಂಡು ಪೂರ್ತಿ ಶೇ 10 ಸಿಕ್ಕಿತೆಂದರೆ ಇನ್ನೊಂದು 600. ಒಟ್ಟು 1,752. ನವೀಕರಣ ಶುಲ್ಕ ಜಿಎಸ್‌ಟಿ ಸೇರಿ 354 ರೂ. ಕಳೆದರೆ ನಿಜವಾಗಿ ಉಳಿದದ್ದು 1,398 ರೂ. ಒಬ್ಬರ ಒಂದು ದೂರದ ಟಿಕೆಟ್ಟಿಗೆ ಅದು ಒದಗೀತು. ಇಡೀ ಮನೆ ವರ್ಷವೆಲ್ಲ ಪುಕ್ಕಟೆ ಓಡಾಡುತ್ತದೆ ಎಂಬ ಜಾಹೀರಾತಿನ ಭಾವನೆಗೆ ಈ ಲೆಕ್ಕದಲ್ಲಿ ಆಧಾರ ಸಿಗುವುದಿಲ್ಲ.

ಅದೇ ಕುಟುಂಬ ಒಂದು ತಿಂಗಳು 20,000 ರೂ. ಬಾಕಿ ಉಳಿಸಿಕೊಂಡಿತು ಎನ್ನೋಣ. ತಿಂಗಳಿಗೆ ಶೇ 3.5ರ ದರದಲ್ಲಿ ಬಡ್ಡಿ 700 ರೂ., ಅದರ ಮೇಲೆ ಜಿಎಸ್‌ಟಿ 126 ರೂ., ಒಟ್ಟು 826 ರೂ. ಕಾರ್ಡಿನ ಖರೀದಿಯಿಂದ 826 ಪಾಯಿಂಟ್ ಸಂಪಾದಿಸಲು 1,03,250 ರೂ. ಖರ್ಚು ಮಾಡಬೇಕು. ಒಂದು ತಿಂಗಳ ಬಾಕಿ ಎಂಟೂವರೆ ತಿಂಗಳ ಪಾಯಿಂಟ್ ನುಂಗಿತು. ಸ್ಟೇಟ್‌ಮೆಂಟ್‌ನಲ್ಲಿ ಕಾಣುವ ‘ಮಿನಿಮಮ್ ಡ್ಯೂ’ ಕಟ್ಟಿದರೆ ಲೇಟ್ ಫೀ ಮಾತ್ರ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಶೇ 40 ದಾಟಿದ ವಾರ್ಷಿಕ ಬಡ್ಡಿ ಈಗ ಸಾಮಾನ್ಯ.

ಕಾರ್ಡು ಯಾರಿಗೆ ಸಿಗುತ್ತದೆ

ಬಿಡದಿಯ ಕಾರ್ಖಾನೆಯ ಕಾಯಂ ನೌಕರನಿಗೆ ಸಂಬಳದ ಚೀಟಿ ಇರುವುದರಿಂದ ಕಾರ್ಡು ಸುಲಭ. ನೂಲು ಬಿಚ್ಚುವ ರೀಲರ್, ಗೊಂಬೆ ಕುಶಲಕರ್ಮಿ, ರೇಷ್ಮೆ ಬೆಳೆಗಾರರಿಗೆ ಆದಾಯ ಇದ್ದರೂ ಚೀಟಿ ಇರುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಮತ್ತು ನೇರ ಬ್ಯಾಂಕ್ ಪಾವತಿ ಬಂದ ಮೇಲೆ ರೈತರ ಆದಾಯ ಖಾತೆಯಲ್ಲಿ ಕಾಣತೊಡಗಿದೆ. ಇಂಥವರಿಗೆ ಎಫ್‌ಡಿ ಭದ್ರತೆಯ ಮೇಲೆ ಕೊಡುವ ಕಾರ್ಡು ಇನ್ನೊಂದು ದಾರಿ. ಅದು ರೈಲ್ವೆ ಕಾರ್ಡೇ ಆಗಿರಬೇಕೆಂದಿಲ್ಲ, ಆದರೆ ಗಡುವಿಗೆ ಸರಿಯಾಗಿ ಕಟ್ಟುತ್ತ ಹೋದರೆ ಸಾಲದ ಅರ್ಹತೆ ತೋರಿಸುವ ಸಿಬಿಲ್ ಅಂಕ ಕಟ್ಟಿಕೊಳ್ಳಲು ನೆರವಾಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದದ್ದು ಸಣ್ಣ ಊರುಗಳಿಗೆ ದೊಡ್ಡ ಬದಲಾವಣೆ. ಸ್ವೈಪ್ ಯಂತ್ರವಿಲ್ಲದ ಚನ್ನಪಟ್ಟಣದ ಗೊಂಬೆ ಅಂಗಡಿಯಲ್ಲೂ ಮಾಗಡಿಯ ಕಿರಾಣಿಯಲ್ಲೂ ಕ್ಯೂಆರ್ ಸ್ಕ್ಯಾನ್ ಮಾಡಿ ಕಾರ್ಡಿನಿಂದ ಕೊಡಬಹುದಾಯಿತು. ವ್ಯಾಪಾರಿಗಳ ಖಾತೆಗೆ ಮಾತ್ರ ಹೀಗೆ ಕೊಡಬಹುದು. ಸ್ನೇಹಿತರ ನಂಬರಿಗೆ ಹಣ ಕಳಿಸಲಾಗದು.

ಕೇಳದೆ ಕಾರ್ಡು ಕಳಿಸುವುದನ್ನು ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನ ನಿಷೇಧಿಸಿದೆ. ಬಾಕಿ ತೀರಿಸಿ ಕಾರ್ಡು ಮುಚ್ಚಲು ಕೇಳಿದರೆ ಬ್ಯಾಂಕು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ. ದಂಡವನ್ನು ಗ್ರಾಹಕನಿಗೆ ಕೊಡಬೇಕು.

ನೆರೆಯವರ ಟಿಕೆಟ್

ಹಳ್ಳಿಯಲ್ಲಿ ಕಾರ್ಡಿದ್ದವನೊಬ್ಬ ಕೇರಿಯವರಿಗೆಲ್ಲ ಟಿಕೆಟ್ ಬುಕ್ ಮಾಡಿಕೊಡುವುದುಂಟು. ನೆಂಟರಿಗೆ, ಸ್ನೇಹಿತರಿಗೆ ಸ್ವಂತ ಐಡಿಯಿಂದ ಟಿಕೆಟ್ ತೆಗೆಯುವುದು ತಪ್ಪಲ್ಲ ಎಂದು ಐಆರ್‌ಸಿಟಿಸಿ 2024ರಲ್ಲಿ ಸ್ಪಷ್ಟಪಡಿಸಿದೆ. ಒಂದು ಐಡಿಯಿಂದ ತಿಂಗಳಿಗೆ 12 ಟಿಕೆಟ್, ಆಧಾರ್ ಜೋಡಿಸಿದ್ದರೆ 24. ಆದರೆ ತಲೆಗಿಷ್ಟು ಎಂದು ಕಮಿಷನ್ ಪಡೆದರೆ ಅದು 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, 10,000 ರೂ.ವರೆಗೆ ದಂಡ, ಅಥವಾ ಎರಡೂ. ಈ ಸೆಕ್ಷನ್ ಇ-ಟಿಕೆಟ್‌ಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಪಾಯಿಂಟ್ ಕೂಡಿಸುವ ಆಸೆಗೆ ಟಿಕೆಟ್ ವ್ಯಾಪಾರಕ್ಕೆ ಇಳಿಯುವುದು ಅಪಾಯದ ಕೆಲಸ.

ಪಾವತಿ ಸುರಕ್ಷತೆ: ವ್ಯವಸ್ಥೆಯ ಕಾವಲು

ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ವಿವರದ ಜೊತೆ ಇನ್ನೊಂದು ದೃಢೀಕರಣ ಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ಒಟಿಪಿ ನಮ್ಮ ಬದುಕಿಗೆ ಬಂದದ್ದು ಈ ದಾರಿಯಲ್ಲಿ. ಎಸ್‌ಎಂಎಸ್ ಒಟಿಪಿಯಲ್ಲದೆ ಬೇರೆ ವಿಧಾನಗಳಿಗೂ ದಾರಿ ಮಾಡುವ ಹೊಸ ದೃಢೀಕರಣ ನಿರ್ದೇಶನಗಳನ್ನು ಅದು 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ, ಜಾರಿಗೆ 2026ರ ಏಪ್ರಿಲ್ 1ರ ದಿನಾಂಕ ಗೊತ್ತುಮಾಡಿತು.

2020ರ ಮಾರ್ಚ್ 16ರ ನಂತರ ಬಂದ ಕಾರ್ಡುಗಳಲ್ಲಿ ಆನ್‌ಲೈನ್, ವಿದೇಶಿ ಮತ್ತು ಟ್ಯಾಪ್ ಪಾವತಿಗಳು ಮೊದಲಿಗೆ ಬಂದ್ ಆಗಿರುತ್ತವೆ; ಬೇಕಾದುದನ್ನು ಬ್ಯಾಂಕ್ ಆ್ಯಪ್‌ನಲ್ಲಿ ತೆರೆದುಕೊಳ್ಳಬೇಕು, ಮಿತಿಯನ್ನೂ ಇಟ್ಟುಕೊಳ್ಳಬಹುದು. ರೈಲು ಟಿಕೆಟ್ಟಿಗಷ್ಟೇ ಕಾರ್ಡು ಬಳಸುವವರು ವಿದೇಶಿ ಪಾವತಿಯನ್ನು ತೆರೆಯುವ ಅಗತ್ಯವೇ ಇಲ್ಲ. ಪಿನ್ ಇಲ್ಲದ ಟ್ಯಾಪ್ ಪಾವತಿಯ ಮಿತಿ 2021ರ ಜನವರಿ 1ರಿಂದ 5,000 ರೂ. ಕಳೆದುಹೋದ ಕಾರ್ಡು ಕಂಡವರ ಕೈಗೆ ಸಿಕ್ಕರೆ ಈ ಸೌಲಭ್ಯವೇ ತೊಂದರೆ ತರುತ್ತದೆ.

2022ರ ಅಕ್ಟೋಬರ್ 1ರಿಂದ ಮಾರಾಟ ತಾಣಗಳು ಕಾರ್ಡಿನ 16 ಅಂಕಿಗಳನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ. ಅದರ ಬದಲು ಆ ತಾಣಕ್ಕೆ ಮಾತ್ರ ಸಲ್ಲುವ ಟೋಕನ್ ಇರುತ್ತದೆ; ಕದ್ದರೂ ಬೇರೆಡೆ ಅದರಿಂದ ಖರೀದಿ ಮಾಡಲಾಗದು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣದ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಕೊನೆಗೆ ಬದಲಿಸಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿತು. ಬೇರೆ ಕೊನೆಯ ವಿಳಾಸ ಬ್ಯಾಂಕಿನ ಹೆಸರು ಹೇಳಿಕೊಂಡು ಬಂದರೆ ಅನುಮಾನಿಸಲು ಅಷ್ಟೇ ಸಾಕು.

ವಂಚನೆಯ ಬಗೆಗಳು

ಮೊದಲನೆಯದು ಪಾಯಿಂಟ್‌ನ ಹೆಸರಿನಲ್ಲೇ ನಡೆಯುವ ಮೋಸ. ‘ನಿಮ್ಮ 5,899 ರಿವಾರ್ಡ್ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ಹಣವಾಗಿ ಪಡೆಯಲು ಇಲ್ಲಿ ಒತ್ತಿ’ ಎಂಬ ಧಾಟಿಯ ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಒತ್ತಿದರೆ ಬ್ಯಾಂಕಿನದರಂತೆಯೇ ಕಾಣುವ ಪುಟ ತೆರೆದು ಕಾರ್ಡಿನ ಸಂಖ್ಯೆ, ಮುಗಿಯುವ ದಿನಾಂಕ, ಸಿವಿವಿ ಕೇಳುತ್ತದೆ. ಕೆಲವೊಮ್ಮೆ ಎಪಿಕೆ ಫೈಲ್ ಇಳಿಸಿಕೊಳ್ಳಲು ಹೇಳುತ್ತದೆ. ಅದು ಫೋನಿಗೆ ಸೇರಿದರೆ ಬರುವ ಎಸ್‌ಎಂಎಸ್‌ಗಳನ್ನೆಲ್ಲ ಓದಿ ಒಟಿಪಿಯನ್ನು ವಂಚಕನಿಗೆ ರವಾನಿಸುತ್ತದೆ. ಪಾಯಿಂಟ್ ಬಳಸಲು ಸಿವಿವಿ, ಪಿನ್ ಹೇಳಬೇಕೆಂದು ಕೇಳುವ ಸಂದೇಶ ಬ್ಯಾಂಕಿನದಲ್ಲ.

ಎರಡನೆಯದು ನಕಲಿ ರೈಲ್ವೆ ಆ್ಯಪ್. ‘ಐಆರ್‌ಸಿಟಿಸಿ ಕನೆಕ್ಟ್’ ಎಂಬ ಹೆಸರಿನ ಎಪಿಕೆ ಫೈಲ್ ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಹರಿದಾಡುತ್ತಿದೆ, ಅದನ್ನು ಹಾಕಿಕೊಳ್ಳಬೇಡಿ ಎಂದು ಐಆರ್‌ಸಿಟಿಸಿ 2023ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ರೈಲ್ ಕನೆಕ್ಟ್, ರೈಲ್‌ಒನ್ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಇಳಿಸಿಕೊಳ್ಳಬೇಕು.

ಮೂರನೆಯದು ರೀಫಂಡ್ ಮೋಸ. ಟಿಕೆಟ್ ರದ್ದಾಯಿತು, ಹಣ ಬಂದಿಲ್ಲ ಎಂದು ಯಾರಾದರೂ ಸಾಮಾಜಿಕ ಜಾಲತಾಣದಲ್ಲಿ ಪಿಎನ್‌ಆರ್ ಮತ್ತು ಫೋನ್ ನಂಬರ್ ಹಾಕಿ ದೂರುತ್ತಾರೆ. ಸ್ವಲ್ಪ ಹೊತ್ತಿಗೆ ‘ರೈಲ್ವೆ ಕಸ್ಟಮರ್ ಕೇರ್’ನಿಂದ ಕರೆ ಬರುತ್ತದೆ. ಕರೆ ಮಾಡಿದವನಿಗೆ ಪಿಎನ್‌ಆರ್ ಗೊತ್ತಿರುವುದರಿಂದ ನಂಬಿಕೆ ಹುಟ್ಟುತ್ತದೆ. ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿ, ಬಂದ ಒಟಿಪಿಯನ್ನು ನೋಡಿಕೊಂಡು ಕಾರ್ಡಿನ ಹಣ ಎಳೆಯುತ್ತಾನೆ. ರೀಫಂಡ್ ಕಟ್ಟಿದ ಕಾರ್ಡಿಗೆ ತಾನೇ ಹೋಗುತ್ತದೆ, ಹಣ ಬರಲು ಒಟಿಪಿ ಬೇಕಿಲ್ಲ ಎಂಬುದು ಗೊತ್ತಿದ್ದವರು ಈ ಬಲೆಗೆ ಬೀಳುವುದಿಲ್ಲ.

ನಾಲ್ಕನೆಯದು ಅವಸರದ್ದು. ತತ್ಕಾಲ್ ಬುಕಿಂಗ್ ಎಸಿಗೆ ಬೆಳಿಗ್ಗೆ 10ಕ್ಕೆ, ಇತರ ದರ್ಜೆಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಸೀಟು ಹೋದೀತೆಂಬ ಆತುರದಲ್ಲಿ ಜನ ಒಟಿಪಿ ಸಂದೇಶದ ಅಂಕಿಗಳನ್ನಷ್ಟೇ ನೋಡುತ್ತಾರೆ. ಅದೇ ಸಂದೇಶದಲ್ಲಿ ಮೊತ್ತವೂ ಹಣ ಪಡೆಯುವವರ ಹೆಸರೂ ಇರುತ್ತದೆ. ಟಿಕೆಟ್ 1,840 ರೂ. ಇದ್ದು ಸಂದೇಶದಲ್ಲಿ 18,400 ಇದ್ದರೆ, ಐಆರ್‌ಸಿಟಿಸಿ ಬದಲು ಬೇರೆ ಹೆಸರಿದ್ದರೆ, ಅಲ್ಲೇ ನಿಲ್ಲಿಸಬೇಕು. ಸೀಟು ಹೋದರೆ ಹೋಗಲಿ.

ಅಂಗಡಿಯವರ ಪಾಲಿಗೆ ಬೇರೆಯೇ ಮೋಸಗಳಿವೆ: ಪಾವತಿ ಆಯಿತೆಂದು ತೋರಿಸುವ ನಕಲಿ ಸ್ಕ್ರೀನ್‌ಶಾಟ್, ಕ್ಯೂಆರ್ ಮೇಲೆ ಇನ್ನೊಂದು ಕ್ಯೂಆರ್ ಅಂಟಿಸುವುದು. ಯುಪಿಐ ಪಿನ್ ಒತ್ತುವುದು ಹಣ ಕೊಡಲು ಮಾತ್ರ, ಪಡೆಯಲು ಎಂದೂ ಅಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಯುಪಿಐ ಕಲೆಕ್ಟ್ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು.

ಹಣ ಹೋದರೆ ಏನು ಮಾಡಬೇಕು

ಮೊದಲು ಬ್ಯಾಂಕ್ ಆ್ಯಪ್‌ನಿಂದ ಕಾರ್ಡು ಬ್ಲಾಕ್ ಮಾಡಬೇಕು. ತಕ್ಷಣ 1930ಕ್ಕೆ ಕರೆ ಮಾಡಬೇಕು ಅಥವಾ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಈ ವ್ಯವಸ್ಥೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ತಡೆಯಲು ಬ್ಯಾಂಕುಗಳಿಗೆ ಸೂಚನೆ ಕಳಿಸುತ್ತದೆ. ಆದ್ದರಿಂದ ಮೊದಲ ಗಂಟೆಯ ದೂರಿಗೂ ಮರುದಿನದ ದೂರಿಗೂ ಅಜಗಜಾಂತರ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದು ಜಿಲ್ಲಾ ಕೇಂದ್ರ ರಾಮನಗರದಲ್ಲಿ ಸೆನ್ ಪೊಲೀಸ್ ಠಾಣೆ ಇದೆ. ಕನಕಪುರ, ಮಾಗಡಿಯವರು ಅಲ್ಲಿಗೆ ಹೋಗುವ ತನಕ ಕಾಯದೆ ಫೋನಿನಲ್ಲೇ ದೂರು ಆರಂಭಿಸಬೇಕು.

ನಷ್ಟ ಯಾರ ಪಾಲಿಗೆ ಎಂಬುದನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೀಗೆ ವಿಂಗಡಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದರೆ, ಮಾಹಿತಿ ಬಂದ ಮೂರು ಕೆಲಸದ ದಿನಗಳಲ್ಲಿ ತಿಳಿಸಿದವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳಲ್ಲಿ ತಿಳಿಸಿದರೆ, 5 ಲಕ್ಷ ರೂ.ವರೆಗಿನ ಮಿತಿಯ ಕಾರ್ಡಿಗೆ ಹೆಚ್ಚೆಂದರೆ 10,000 ರೂ., ಅದಕ್ಕೂ ಹೆಚ್ಚಿನ ಮಿತಿಯ ಕಾರ್ಡಿಗೆ 25,000 ರೂ. ಗ್ರಾಹಕನ ಪಾಲು. ಏಳು ದಿನ ಮೀರಿದರೆ ಬ್ಯಾಂಕಿನ ಸ್ವಂತ ನೀತಿ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಿ, 90 ದಿನಗಳಲ್ಲಿ ತೀರ್ಮಾನಿಸಬೇಕು. ಆದರೆ ಒಟಿಪಿ, ಪಿನ್ ಹೇಳಿಕೊಟ್ಟದ್ದು ಗ್ರಾಹಕನ ನಿರ್ಲಕ್ಷ್ಯ. ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಬ್ಯಾಂಕಿನ ಉತ್ತರ 30 ದಿನಗಳಲ್ಲಿ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು.

ಮೌಲ್ಯಮಾಪನ

ರೈಲ್ವೆ ರಿವಾರ್ಡ್ ಕಾರ್ಡ್ ವರ್ಷಕ್ಕೆ ಕೆಲವು ಬಾರಿ ಎಸಿ ದರ್ಜೆಯಲ್ಲಿ ದೂರ ಹೋಗುವ, ಮನೆಖರ್ಚನ್ನು ಹೇಗೂ ಕಾರ್ಡಿನಲ್ಲೇ ಮಾಡುವ, ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಕುಟುಂಬಕ್ಕೆ ಲಾಭ. ಜನರಲ್ ಬೋಗಿಯ ಪ್ರಯಾಣಿಕನಿಗೆ ಸೀಸನ್ ಪಾಸ್ ಸಾಕು, ವರ್ಷಕ್ಕೊಮ್ಮೆ ಸ್ಲೀಪರ್‌ನಲ್ಲಿ ಹೋಗುವವನಿಗೆ ಕಾರ್ಡಿನ ಶುಲ್ಕವೇ ಹೊರೆ. ಕಾರ್ಡಿನ ಇನ್ನೊಂದು ಆಕರ್ಷಣೆಯಾದ ರೈಲ್ವೆ ಲೌಂಜ್ ಪ್ರವೇಶ ರಾಮನಗರ, ಚನ್ನಪಟ್ಟಣ ನಿಲ್ದಾಣಗಳಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಲೌಂಜ್ ಇಲ್ಲ. ಬಾಕಿ ಉಳಿಸಿದ ಒಂದು ಬಿಲ್ಲು ತಿಂಗಳುಗಟ್ಟಲೆ ಕೂಡಿಸಿದ ಪಾಯಿಂಟ್ ಅಳಿಸುತ್ತದೆ. ಹೇಳಿಕೊಟ್ಟ ಒಂದು ಒಟಿಪಿ ಕಾರ್ಡಿನ ಪೂರ್ತಿ ಮಿತಿಯನ್ನೇ ಒಯ್ಯಬಹುದು. ಕಾರ್ಡು ತೆಗೆದುಕೊಳ್ಳುವವರು ಮೊದಲ ದಿನವೇ ಬಿಲ್ಲಿನ ಪೂರ್ತಿ ಮೊತ್ತಕ್ಕೆ ಆಟೊ ಡೆಬಿಟ್ ಹಾಕಿಸಿ, ವಿದೇಶಿ ಪಾವತಿ ಮುಚ್ಚಿ, 1930ನ್ನು ಫೋನಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.